ಅಟ್ಟ

ಲ್ಯಾಮಿಂಗ್ಟನ್ ರೋಡಿನ ಅಂಗಡಿ, ಅದರೊಳಗೊಂದು ಅಟ್ಟ.
ನೆಟ್ಟಗೆ ನಿಂತರೆ ನೆತ್ತಿಗೆ ತಗಡು.
ಹೋರ್ಮಸ್‌ಜಿ ನಲವತ್ತು ವರ್ಷ ಬಗ್ಗಿಯೇ ಬೆಸುಗೆ ಹಾಕಿದವನು.

‘ನೋಡು ದೇಜಪ್ಪ’ ಅಂದ.
ಎಂಟು ಕಾಲಿನ ಕರಿಹುಳು, ಏಳುನಲವತ್ತೊಂದು.
ಚೌಕದ ಅಲೆ ಉಣಿಸಿ
ಕೆಪಾಸಿಟರನ್ನು ಹಿಂದಕ್ಕೆ ಸುತ್ತಿಸಿದ. ಪರದೆಯಲ್ಲಿ ತ್ರಿಕೋನ!
ಠಕ್ಕೆಂದು ಬಡಿದದ್ದನ್ನು
ಇದು ಕೂಡಿಡುತ್ತ, ಕೂಡಿಡುತ್ತ
ಇಳಿಜಾರು ಮಾಡಿ ಹೇಳುತ್ತದಂತೆ,
ಅದೂ ತಲೆಕೆಳಗಾಗಿ.

ಆಮೇಲೆ ನಾನೇ ಕೆಪಾಸಿಟರ್ ಕಿತ್ತು
ರೆಸಿಸ್ಟರ್ ಹಾಕಿದೆ, ದೊಡ್ಡದು.
ಸೈನ್ ಅಲೆ ಎದ್ದಿತು, ಇನ್ನೂ ಎದ್ದಿತು,
ಹನ್ನೆರಡು ವೋಲ್ಟ್ ಮುಟ್ಟುವ ಮೊದಲೇ
ನೆತ್ತಿ ಸಪಾಟು.
ಸುಟ್ಟೆನೇ?
‘ಇಲ್ಲ ದೀಕ್ರಾ, ಸಪ್ಲೈ ಇರುವುದೇ ಅಷ್ಟು.’

ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿ
ಕಂಬಿ ಹಿಡಿದು ನೆಟ್ಟಗಾಗಲು ನೋಡಿದೆ.
ದಾದರ್ ದಾಟಿದರೂ
ಕುತ್ತಿಗೆ ಅಟ್ಟದಲ್ಲೇ ಇತ್ತು.