ಎರಡು ಗಂಟೆಯ ಅಡುಗೆಮನೆ

ರಾತ್ರಿ ಎರಡಕ್ಕೆ ನನಗೆ ಬೆಳಗು.
ಕತ್ತಲಲ್ಲೇ ಅಂಗಿ ತಡಕಿ,
ನೊರ್ಮಾಳ ನಿದ್ದೆಗೆ ಮೊಣಕಾಲು ತಾಗದಂತೆ
ಮಂಚ ಬಳಸಿ ಬಂದರೆ
ಅಡುಗೆಮನೆಯಲ್ಲಿ ದೀಪ.

ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಿದ್ದಾಳೆ ಅಯ್ಲೆನ್,
ಒಂದು ಕಾಲಿಗೆ ಕಾಲುಚೀಲ, ಇನ್ನೊಂದಕ್ಕಿಲ್ಲ.
ತಟ್ಟೆಯಲ್ಲಿ ಹತ್ತೂವರೆಯ ಊಟದಲ್ಲಿ ಮಿಕ್ಕ ತುಂಡು ಮಾಂಸ,
ಕೈಯಲ್ಲಿ ಫೋನು, ಮುಖದ ತುಂಬ ಅದರ ನೀಲಿ,
ಪಕ್ಕದಲ್ಲಿ ಸೋರೆಬುರುಡೆ, ಬೆಳ್ಳಿಯ ಕೊಳವೆ,
ಬಿಸಿನೀರಿನ ಫ್ಲಾಸ್ಕು.
ಮಾತೆ ಎನ್ನುತ್ತೇವೆ ನಾವು ಆ ಕಹಿಸೊಪ್ಪಿನ ಕಷಾಯಕ್ಕೆ –
ಜೋಗುಳ ಬಾರದ ಮಾತೆ,
ಮಕ್ಕಳ ರೆಪ್ಪೆ ಹಿಡಿದೆತ್ತಿ ಕೂರಿಸುವ ಮಾತೆ.

"ಮಲಗಲಿಲ್ಲವೆ?"
"ಎದ್ದೆಯಾ?"
ಇಬ್ಬರ ಪ್ರಶ್ನೆಯೂ ಒಮ್ಮೆಗೇ. ಇಬ್ಬರಿಗೂ ಉತ್ತರ ಬೇಡ.
ಬುರುಡೆಗೆ ನೀರು ತುಂಬಿ ನನ್ನತ್ತ ಚಾಚುತ್ತಾಳೆ.
ಹೀರುತ್ತೇನೆ.
ಅವಳ ದಿನದ ಕೊನೆಯ ಗುಟುಕು, ನನ್ನ ದಿನದ ಮೊದಲು,
ಕೊಳವೆ ಒಂದೇ.

ಶಾಲೆಯಿಂದ ಕಾಗದ ಬಂದಿದೆ:
ಏಳೂಕಾಲಕ್ಕೆ ಗಂಟೆ ಹೊಡೆದಾಗ ನಿಮ್ಮ ಮಗಳು
ಬರುತ್ತಾಳೆ, ಆದರೆ ಬಂದಿರುವುದಿಲ್ಲ.
ಚಿಂತೆಯಿಲ್ಲದವರಿಗೆ ಸಂತೆಯಲ್ಲೂ ನಿದ್ದೆಯಂತೆ;
ಇವಳಿಗೆ ಬೀಜಗಣಿತದಲ್ಲಿ, ಬಸ್ಸಿನ ಕಂಬಕ್ಕೆ ಒರಗಿದಲ್ಲಿ,
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದಲ್ಲೇ –
ಹಾಸಿಗೆಯೊಂದನ್ನು ಬಿಟ್ಟು.

ಡಾಕ್ಟರಮ್ಮ ಬೆರಳು ಮಡಚಿ ಹೇಳಿದರು:
ಊಟ ಬೇಗ. ಸಂಜೆಯ ಮೇಲೆ ಮಾತೆ ಬೇಡ.
ನಾಲ್ಕರಿಂದ ಏಳರ ಆ ಹಗಲುನಿದ್ದೆ ಬೇಡವೇ ಬೇಡ.
ಬೆಳಿಗ್ಗೆ ಹೊಟ್ಟೆಗೆ ಏನಾದರೂ. ಫೋನು ಬೇರೆ ಕೋಣೆಯಲ್ಲಿ.
ಭಾನುವಾರ ಮಧ್ಯಾಹ್ನದ ತನಕ ಬಿದ್ದುಕೊಂಡರೆ
ಸೋಮವಾರ ಬೇರೆ ದೇಶದಲ್ಲಿ ಇಳಿದ ಹಾಗೆ.
ಈ ವಯಸ್ಸಿಗೆ ಮೈಯ ಗಡಿಯಾರವೇ ತುಸು ಹಿಂದೆ, ಎಂದೂ ಅಂದರು.
ಅದನ್ನು ಮಾತ್ರ ಅಯ್ಲೆನ್ ನೆನಪಿಟ್ಟುಕೊಂಡಳು.

ಬೇಗ ಊಟವಂತೆ!
ನೊರ್ಮಾ ಔಷಧಿ ಅಂಗಡಿಯ ಷಟರ್ ಎಳೆಯುವುದೇ ಒಂಬತ್ತಕ್ಕೆ.
ಈರುಳ್ಳಿ ಹೆಚ್ಚಿ, ಎಣ್ಣೆ ಕಾದು...
ರೊಸಾರಿಯೊ ಊರಿಗೂರೇ ಉಣ್ಣುವುದು ಹತ್ತರ ಮೇಲೆ.
ಆಗ ನಾನು ಗೊರಕೆಯಲ್ಲಿ, ಏಳಕ್ಕೇ ಉಂಡು ಮಲಗಿದ ಬೇಕರಿಯವನು.
ಅವಳ ಹಗಲುನಿದ್ದೆ ಮುಗಿಯುವಾಗ ನನ್ನ ರಾತ್ರಿ ಶುರು.
ಮೇಜಿನ ತುದಿಯ ನನ್ನ ಕುರ್ಚಿಯಲ್ಲಿ
ಅವಳ ಪುಸ್ತಕದ ಚೀಲ.

ನಾನೂ ಹೇಳಿದ್ದುಂಟು, ನನಗೆ ಬರುವ ಭಾಷೆಯಲ್ಲಿ:
ಹಿಟ್ಟು ನೋಡು, ಮಗಳೇ. ನಾದಿದ ಮೇಲೆ
ತಣ್ಣಗೆ, ಕತ್ತಲಲ್ಲಿ, ಒದ್ದೆ ಬಟ್ಟೆಯಡಿ ಬಿಟ್ಟರೆ ತಾನೇ ಉಬ್ಬುತ್ತದೆ,
ತೆರೆದು ತೆರೆದು ನೋಡಿದರೆ...
"ನಾನು ಹಿಟ್ಟಲ್ಲ ಅಪ್ಪಾ," ಅಂದಳು, "ಹಿಟ್ಟಿಗೆ ಪರೀಕ್ಷೆಯಿಲ್ಲ."
ನಿಜ.
ಮೊನ್ನೆಯಿಂದ ಮಾತು ಬಿಟ್ಟ ಗೆಳತಿಯೂ ಹಿಟ್ಟಿಗಿಲ್ಲ.

ಎರಡೂಕಾಲು. ಹೊರಡಬೇಕು.
ಮೆಂದೋಸಾ ಬೀದಿಯಲ್ಲಿ ಒಲೆ ಕಾಯುತ್ತಿದೆ.
ನಮ್ಮೂರಲ್ಲಿ ಬೆಳಗಿನ ತಿಂಡಿಯ ಹೆಸರು ಅರ್ಧಚಂದ್ರ;
ನಾನೂರು ಸುರುಟಬೇಕು, ಬೆಳಕು ಹರಿಯುವುದರೊಳಗೆ.
ಇವಳೋ ನಿದ್ದೆಗೇ ಅರ್ಧಚಂದ್ರ ಕೊಟ್ಟು
ಬಾಗಿಲಾಚೆ ನೂಕಿ ಕೂತವಳು.
ಆದರೂ ಆ ಹದಿನೈದು ನಿಮಿಷ,
ಪರಾನಾ ನದಿಯ ಜುಲೈ ಮಂಜು ಕಿಟಕಿಗೆ ಕಟ್ಟಿರುವಾಗ,
ಗೆಳತಿಯ ಜಗಳ, ಮೇಷ್ಟರ ಮೀಸೆ, ತನ್ನ ಮೂಗು ಉದ್ದವೇ –
ಎಲ್ಲ ನನಗೆ ಗೊತ್ತಾದದ್ದು ಅಲ್ಲೇ.
ಡಾಕ್ಟರಿಗೆ ಇದನ್ನು ಹೇಳಲಿಲ್ಲ.
ನೊರ್ಮಾಳಿಗೂ.

ನಿನ್ನೆ ಎದ್ದು ಬಂದೆ. ದೀಪವಿಲ್ಲ.
ಫೋನು ಮೇಜಿನ ಮೇಲೆ, ಬೋರಲು.
ಬುರುಡೆ ತೊಳೆದು ಕವುಚಿದ್ದಾಳೆ.
ಅವಳ ಬಾಗಿಲಿಗೆ ಕಿವಿಯಿಟ್ಟೆ:
ಉಸಿರು, ಮಗುವಾಗಿದ್ದಾಗಿನದೇ, ಕೊನೆಯಲ್ಲೊಂದು ಸಣ್ಣ ಶಿಳ್ಳೆ.
ನೀರು ಕಾಯಿಸಿದೆ. ಒಬ್ಬನೇ ಹೀರಿದೆ.
ಚಮಚವೊಂದು ಕೈಯಿಂದ ಜಾರಿತು ನೆಲಕ್ಕೆ.
ಜಾರಿತೋ, ನಾನೇ –

ಕಾದೆ.
ಶಿಳ್ಳೆ ನಿಲ್ಲಲಿಲ್ಲ.
ಬಾಗಿ ಚಮಚ ಎತ್ತಿಕೊಂಡು, ಡ್ರಾಯರನ್ನು
ಕಳ್ಳನಂತೆ ಮುಚ್ಚಿ ಹೊರಟೆ.