ಕೆಳಗಿನ ಗೆರೆ

ಲಕೋಟೆ ಒಡೆದವಳು ನಾನೇ.
ಬರ್ಗೆನ್ ಆಸ್ಪತ್ರೆಯ ಮೂರನೇ ಮಹಡಿ, ನವೆಂಬರ್,
ಮಧ್ಯಾಹ್ನ ಮೂರೂವರೆಗೇ ಕಿಟಕಿಯಾಚೆ
ಬಂದರಿನ ದೀಪಗಳು ಹತ್ತಿಕೊಂಡಿದ್ದವು.
ಎದುರಿಗೆ ಟೂರ್ಬೋರ್ಗ್, ಅರವತ್ತೊಂದು,
ಮೊಲೆಯ ಗಡ್ಡೆ ತೆಗೆದು ಒಂಬತ್ತು ವಾರ,
ಎರಡನೇ ಕೀಮೋ ಮುಗಿದಿತ್ತಷ್ಟೆ.
ತಲೆಗೆ ಉಣ್ಣೆ ಟೊಪ್ಪಿ, ತಾನೇ ಹೆಣೆದದ್ದು.

"ಮೂವತ್ತೆರಡು ವರ್ಷ ಅಂಚೆ ಹಂಚಿದ್ದೇನೆ," ಅಂದಳು,
"ಯಾರ ಲಕೋಟೆಯಲ್ಲಿ ಏನಿದೆ ಅಂತ
ಒಂದು ದಿನ ಇಣುಕಿದವಳಲ್ಲ.
ಇದು ನನ್ನದು. ಒಡಿ."

ಬಿ.

ಎ ಬಂದವರಿಗೆ ಸೈಕಲ್ಲು, ತೂಕದ ಗುಂಡು,
ವಾರಕ್ಕೆ ಮೂರು ದಿನ ಪಕ್ಕದಲ್ಲಿ ನಿಂತು ಎಣಿಸುವ ಒಬ್ಬ.
ಬಿ ಬಂದವರಿಗೆ ಒಂದು ತೆಳು ಪುಸ್ತಿಕೆ,
ಒಂದು ಮೊಂಡು ಪೆನ್ಸಿಲ್ಲು,
ತಿಂಗಳಿಗೊಮ್ಮೆ ನನ್ನ ಫೋನು.
ಕವಡೆ ಬಿದ್ದಂತೆ ಬಿದ್ದದ್ದು; ಎಸೆದದ್ದು ಯಂತ್ರ.
ಮುಖ ಬಾಡಿದ್ದು ನನ್ನದು. ಅವಳು ನಕ್ಕಳು:
"ಈ ಊರಿನ ಮೆಟ್ಟಿಲೆಲ್ಲ ಹತ್ತಿಳಿದ ಕಾಲಿಗೆ
ಕೂತುಕೋ ಅಂತ ಬಂತೇ ಕಾಗದ!"

ಕೂತುಕೋ ಅಂತಲ್ಲ, ಅಂದೆ,
ಎಂದಿನಂತೆ ಇರಿ, ಇದ್ದದ್ದು ಬರೆಯಿರಿ.
ಎಂದಿನಂತೆ!
ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಐಲಿಫ್‌ಗೆ ಎ. ಹಡಗಿನ ಇಂಜಿನ್ ಕೋಣೆಯಲ್ಲಿ ಸವೆದ ಮುದುಕ,
ಅವನದು ಕರುಳಿನದು.
"ಇಷ್ಟು ದಿನ ಇಂಜಿನ್ನಿಗೆ ಎಣ್ಣೆ ಬಿಟ್ಟೆ,
ಈಗ ನಾನೇ ಇಂಜಿನ್ನು" ಅಂತ ಬೈಯುತ್ತ ತುಳಿದ.
ಬಕೆಟ್ಟಿಗೆ ವಾಂತಿ ಮಾಡಿ, ಬಾಯೊರೆಸಿ, ಮತ್ತೆ ತುಳಿದ.
ಹನ್ನೆರಡನೇ ವಾರ ತನ್ನ ಕೋಟು ತಾನೇ ಹಾಕಿಕೊಂಡು ಹೋದ.
ನಮೂನೆಯಲ್ಲಿ ಕೋಟಿಗೆ ಜಾಗ ಇರಲಿಲ್ಲ.
ಅಂಚಿನಲ್ಲಿ ಬರೆದೆ.

ಮೊದಲ ಮಂಗಳವಾರ, ಟೂರ್ಬೋರ್ಗ್‌ಗೆ ಫೋನು.
ಈ ವಾರ ಎಷ್ಟು ನಿಮಿಷ ನಡೆದಿರಿ?
"ಹನ್ನೊಂದು."
ಇಡೀ ವಾರಕ್ಕೆ?
"ಹಾಸಿಗೆಯಿಂದ ಅಂಚೆಪೆಟ್ಟಿಗೆಗೆ. ಕೂಡಿಸಿಕೋ."
ಸುಸ್ತು, ಹತ್ತಕ್ಕೆ ಎಷ್ಟು?
"ಎಂಟು. ಮಲಗೆದ್ದರೂ ಎಂಟು.
ಈ ಸುಸ್ತು ನಿದ್ದೆಯ ಮಾತು ಕೇಳುವುದಿಲ್ಲ, ಗೊತ್ತೇ ನಿನಗೆ?"
ಗೋಡೆಯಾಚೆ ಸೈಕಲ್ ಚಕ್ರದ ಸದ್ದು.
ಏಳಿ, ಓಣಿಯ ತುದಿವರೆಗಾದರೂ ಬನ್ನಿ ಎಂಬ ಮಾತು
ಗಂಟಲಲ್ಲಿ ಮೀನಿನ ಮುಳ್ಳು.
ಹೇಳಿದರೆ ಲೆಕ್ಕ ಕೆಡುತ್ತದೆ.
ಹೇಳದಿದ್ದರೆ?

ಒಮ್ಮೆ ಅವಳೇ ಕೇಳಿದಳು, ದನಿ ತಗ್ಗಿಸಿ:
"ಕದ್ದು ನಡೆದರೆ ನಿನಗೆ ತೊಂದರೆಯೋ?"
ನಡೆದದ್ದು ಬರೆದರೆ ಇಲ್ಲ, ಅಂದೆ.
ಪುಸ್ತಿಕೆ ಬಂತು, ಅಂಚೆಯಲ್ಲೇ:
ಗುರುವಾರ, ನಾಲ್ಕು ಮೆಟ್ಟಿಲು. ಕೂತೆ.
ಶುಕ್ರವಾರ, ಇಲ್ಲ.
ಶನಿವಾರ, ಇಲ್ಲ. ಮಳೆ ನೋಡಿದೆ.
ಭಾನುವಾರ, ಏಳು. ಪಕ್ಕದ ಮನೆ ಬೆಕ್ಕು, ಹದಿನೇಳು.

ಮೂರು ವರ್ಷದ ಮೇಲೆ ಪರದೆಯಲ್ಲಿ ಎರಡು ಗೆರೆ.
ನಡುವಿನ ಬಯಲು ಎರಡು ಬೆರಳಗಲ.
ದೊಡ್ಡ ಡಾಕ್ಟರು ಅಲ್ಲಿಗೆ ಕೋಲು ಚಾಚಿ, "ಇದೇ" ಅಂದರು.
ಚಪ್ಪಾಳೆಯೆಲ್ಲ ಮೇಲಿನ ಗೆರೆಗೆ.
ನಾನು ಕೆಳಗಿನದನ್ನೇ ನೋಡುತ್ತಿದ್ದೆ:
ನಾಲ್ಕು ಮೆಟ್ಟಿಲು. ಕೂತೆ.
ಅದಿಲ್ಲದೆ ಎತ್ತರ ಅಳೆಯುವುದು ಎಲ್ಲಿಂದ?

ಗೆರೆ ಯಾರೊಬ್ಬರ ಹಣೆಬರಹವೂ ಅಲ್ಲ.
ಎಲ್ಲರಿಗಿಂತ ಚೆನ್ನಾಗಿ ತುಳಿದ ಐಲಿಫ್
ಎರಡನೇ ವಸಂತಕ್ಕೆ ಹೋದ.
ಕೋಟು ಮಾತ್ರ ಕೊನೆವರೆಗೂ ತಾನೇ ಹಾಕಿಕೊಂಡ,
ಮಗಳು ಹೇಳಿದಳು.
ಟೂರ್ಬೋರ್ಗ್ ಇದ್ದಾಳೆ.

ಈಗ ಕೀಮೋ ಕುರ್ಚಿಯ ಪಕ್ಕದಲ್ಲೇ ಸೈಕಲ್ಲು.
ಲಕೋಟೆ ಇಲ್ಲ. ಬರುವವರಿಗೆಲ್ಲ ಚೀಟಿಯಲ್ಲಿ
ಗುಳಿಗೆಗಳ ಕೆಳಗೆ ಇನ್ನೊಂದು ಸಾಲು:
ವಾರಕ್ಕೆ ಮೂರು ಸಲ, ಉಸಿರೇರುವಷ್ಟು.
ಮಲಗಿ ಸುಧಾರಿಸಿಕೊಳ್ಳಿ ಅಂತ ಬೆನ್ನು ಸವರುತ್ತಿದ್ದ ಹಳೇ ಕರುಣೆ
ಬಾಗಿಲು ಮುಂದೆ ಮಾಡಿಕೊಂಡು ಹೋಗಿದೆ.

ಬಿ ಗುಂಪಿನವರನ್ನೂ ಕರೆದೆವು.
ಅಂಚೆಯ ಬೂಟು ಹಾಕಿಕೊಂಡೇ ಬಂದಳು,
ಎರಡು ನಿಮಿಷ ತುಳಿದು ಇಳಿದಳು:
"ಇದು ಎಲ್ಲಿಗೂ ಹೋಗುವುದಿಲ್ಲವಲ್ಲೇ!"
ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು,
ಬೆಟ್ಟದ ಓಣಿಗೆ, ತನ್ನ ಹಳೇ ದಾರಿಗೆ.
ಇಲ್ಲಿ ನಾಯಿ, ಇಲ್ಲಿ ಸಾಲದ ನೋಟೀಸು,
ಈ ಬಾಗಿಲಿಗೆ ಪ್ರತಿ ಜೂನ್ ಒಂದೇ ಕೈಬರಹ.

ನಲವತ್ತಮೂರನೇ ಮೆಟ್ಟಿಲಿಗೆ ನಾನು ಕಂಬ ಹಿಡಿದು ನಿಂತೆ.
ಮೇಲಿನಿಂದ ಬಗ್ಗಿ ನೋಡಿದಳು,
ಕಿವಿಯ ಹಿಂದಿನಿಂದ ಮೊಂಡು ಪೆನ್ಸಿಲ್ ತೆಗೆದಳು:
"ಸುಸ್ತು, ಹತ್ತಕ್ಕೆ ಎಷ್ಟು?"