ನಡುವಿನ ಸೀಟು

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ, ಅನ್ಸರನ ಜೆರಾಕ್ಸ್ ಅಂಗಡಿಯಲ್ಲಿ
ನನ್ನ ಪ್ರಯಾಣ ಶುರುವಾಯಿತು, ಹೊರಡುವ ಹಿಂದಿನ ದಿನ.
'ವೆಬ್ ಚೆಕ್‌ಇನ್ ಈಗಲೇ ಮಾಡಿಬಿಡಣ ಅಕ್ಕಾ, ಅಲ್ಲಿ ಸಾಲು ತಪ್ಪತ್ತೆ.'
ಪರದೆಯ ಮೇಲೆ ವಿಮಾನವನ್ನು ಸೀಳಿ ಮಲಗಿಸಿದ್ದರು,
ಚಂದ್ರಂಕಿಯ ಮನೆಗಳ ಹಾಗೆ ಸಾಲುಸಾಲು ಸೀಟು.
ಕಿಟಕಿ ಬೇಕೆಂದರೆ ನಾನೂರೈವತ್ತು,
ಕಾಲು ಚಾಚಬೇಕೆಂದರೆ ಎಂಟುನೂರು,
ಬಿಟ್ಟಿಯಾಗಿ ಉಳಿದದ್ದು ನಡುವಿನದು.
ಕಿಟಕಿ ಮಾರುವವರನ್ನು ನಾನು ಕಂಡಿರಲಿಲ್ಲ.
ಇಪ್ಪತ್ತನಾಲ್ಕು ಬಿ ಒತ್ತಿದ. ಪ್ರಿಂಟಿಗೆ ಹತ್ತು ರೂಪಾಯಿ.
'ಮೊಬೈಲಿಗೂ ಕಳಿಸಿದೀನಿ. ಇದು ಸುಮ್ನೆ ಧೈರ್ಯಕ್ಕೆ.'

ಧೈರ್ಯವನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟೆ.

ಒಂಬತ್ತು ವರ್ಷದ ಹಿಂದೆ ಒಮ್ಮೆ ಹಾರಿದ್ದೆ,
ಸಂಘದವರ ಜೊತೆ, ದಿಲ್ಲಿಗೆ.
ಹನ್ನೊಂದು ಜನ ಹೆಂಗಸರು; ಟಿಕೆಟ್ಟೆಲ್ಲ ಮೇಡಂ ಕೈಯಲ್ಲಿ.
ಅವರು ನಿಂತಲ್ಲಿ ನಿಂತೆವು, ಕೂರಿ ಎಂದಲ್ಲಿ ಕೂತೆವು.
ಅದನ್ನು ಹೋದೆವು ಅನ್ನಬೇಕೋ, ಸಾಗಿಸಿದರು ಅನ್ನಬೇಕೋ.
ಈ ಸಲ ಗುವಾಹಟಿ. ಒಬ್ಬಳೇ.
ಅಲ್ಲಿಯ ಹೆಂಗಸರಿಗೆ ಹತ್ತು ದಿನ
ಬೇಸಿನ್ ಮುಂದೆ ಕೂತು ನೂಲು ತೆಗೆಯುವುದು ಹೇಳಿಕೊಡಬೇಕು.

ಬ್ಯಾಗನ್ನು ಗೂಡಿನ ಮಾರ್ಕೆಟ್ಟಿನಲ್ಲೇ ತೂಗಿಸಿದೆ.
'ಹದಿನೈದು ಮುನ್ನೂರೋ!' ಕೂಗಿದ ಪಿಳ್ಳಪ್ಪ, ಹರಾಜಿನ ದನಿಯಲ್ಲಿ.
ಮುನ್ನೂರು ಗ್ರಾಂ ಹುರಿಗಾಳು ತೆಗೆದು ಅವನಿಗೇ ಕೊಟ್ಟೆ.
'ಈಗ ನೋಡು ಮುನಿರತ್ನಕ್ಕಾ, ಸರಕು ಸರಿಹೋಯ್ತು.'

ಬಾಗಿಲ ಬಳಿ ಕೆಲವರು ಬರೀ ಮುಖ ತೋರಿಸಿ ಒಳಗೆ ಹೋಗುತ್ತಿದ್ದರು,
ಹಬ್ಬಕ್ಕೆ ಬಂದ ಹಳೇ ಅಳಿಯಂದಿರ ಹಾಗೆ.
ನನ್ನದು ಆಧಾರ್ ಕಾರ್ಡು. ಸಿಪಾಯಿ
ಕಾರ್ಡಿನ ನನ್ನನ್ನೂ ಎದುರಿಗಿದ್ದ ನನ್ನನ್ನೂ
ಎರಡು ಸಲ ಹೋಲಿಸಿ ನೋಡಿದ.

ಒಳಗೆ ಕಂಬದಂಥ ಮೆಷಿನ್ನುಗಳು.
'ಬ್ಯಾಗಿನ ಚೀಟಿ ಇದರಲ್ಲೇ ತಗೊಳ್ಳಿ' ಎಂದಳು ನೀಲಿ ಕೋಟಿನ ಹುಡುಗಿ.
ಒತ್ತಿದೆ. ಏನಿಲ್ಲ.
ತೋರುಬೆರಳು, ನಡುಬೆರಳು, ಹೆಬ್ಬೆಟ್ಟು. ಏನಿಲ್ಲ.
ರೇಷನ್ ಅಂಗಡಿಯದೂ ಹೀಗೇ: ತಿಂಗಳು ತಿಂಗಳೂ
ನನ್ನನ್ನು ನಾನಲ್ಲ ಎನ್ನುತ್ತದೆ.
ಇಪ್ಪತ್ತಾರು ವರ್ಷ ಕುದಿನೀರಲ್ಲಿ ಅದ್ದಿದ ಬೆರಳು,
ಗೆರೆಯೆಲ್ಲ ರೇಷ್ಮೆಯ ಜೊತೆ ಬಿಚ್ಚಿಕೊಂಡು ಹೋಗಿವೆ.
ಯಾರ ಸೀರೆಯಲ್ಲಿದೆಯೋ ಈಗ ನನ್ನ ಹೆಬ್ಬೆಟ್ಟು.

ಹಿಂದಿನವರು ಗಡಿಯಾರ ನೋಡಿಕೊಂಡರು.
ಒಬ್ಬ 'ನಾನು ಒತ್ಲಾ ಆಂಟಿ' ಅಂತ ಕೈ ಚಾಚಿದ.
ಬೇಡ ಅಂದೆ. ಈ ಬೆರಳೇ ಅಲ್ಲವೇ
ನೊರೆಯೊಳಗೆ ಗೂಡುಗಳು ಕುಣಿಯುವಾಗ
ಕಣ್ಣಿಗೆ ಕಾಣದ ತುದಿಯನ್ನು ಹಿಡಿದೆತ್ತುವುದು.
ಮಡಚಿದೆ. ಗೆಣ್ಣಿನಿಂದ ತಟ್ಟಿದೆ,
ನೆರೆಮನೆಯ ಬಾಗಿಲು ತಟ್ಟುವ ಹಾಗೆ.

ತೆರೆಯಿತು.

ಉದ್ದನೆಯ ಚೀಟಿ ಬಂತು, ಹಿಂದೆಲ್ಲ ಅಂಟು;
ಎಲ್ಲಿಂದ ಬಿಡಿಸುವುದೋ, ಅದರ ತುದಿ ಮಾತ್ರ ಸಿಗಲಿಲ್ಲ.
ನಗು ಬಂತು. ಕೊನೆಗೆ ಕೌಂಟರಿಗೇ ಹೋದೆ, ಮನುಷ್ಯರಿದ್ದಲ್ಲಿಗೆ.
ಅಂಟಿಸಿಕೊಟ್ಟ ಹುಡುಗ ಬಗ್ಗಿದವನು
ಏನೋ ವಾಸನೆ ಹತ್ತಿ ಸುಮ್ಮನಾದ.
ಹುಳ ಬೆಂದ ವಾಸನೆ ಕಣಪ್ಪಾ. ಒಗೆದರೂ ಹೋಗಲ್ಲ.
ಅದಕ್ಕೂ ಒಂದು ಚೀಟಿ ಅಂಟಿಸು ಬೇಕಾದರೆ.
ಬ್ಯಾಗು ರಬ್ಬರ್ ಪರದೆ ತಳ್ಳಿಕೊಂಡು ಹೋಯಿತು,
ಒಂದು ಮಾತೂ ಹೇಳದೆ.

ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ,
ನಾನೂರೈವತ್ತು ಕೊಟ್ಟವನು.
ಅವನ ಕಿವಿಯ ಪಕ್ಕ ಬೆರಳಗಲ ಆಕಾಶ.
ಇರಲಿ. ಈ ದಾರಿ ನನಗೆ ಕೆಳಗಿನಿಂದ ಗೊತ್ತು.
ಬಾಯ್ಲರ್ ಹಚ್ಚುವ ಹೊತ್ತಿಗೆ ದೇವನಹಳ್ಳಿ ಕಡೆಯಿಂದ ಒಂದು ಏಳುತ್ತದೆ,
ನಮ್ಮ ಶೀಟಿನ ಮೇಲೆ ಹೊಟ್ಟೆ ತೋರಿಸಿ ತಿರುಗುತ್ತದೆ.
ಎಣಿಸುತ್ತಾ ಕೂತೆ. ನೂರ ಎಂಬತ್ತು, ನೂರ ಎಂಬತ್ತೊಂದು...
ಈಗ ಮೂರನೇ ಬೇಸಿನ್ನಿನ ಗುಲ್ಜಾರ್
ಕೈ ನೀರಲ್ಲೇ ಬಿಟ್ಟು ತಲೆ ಎತ್ತುತ್ತಾಳೆ,
ಮುನಿರತ್ನ ಇದರಲ್ಲಿದಾಳೋ ಏನೋ ಅನ್ನುತ್ತಾಳೆ,
ಅಷ್ಟರಲ್ಲಿ ಎಳೆ ಕಡಿಯುತ್ತದೆ.

'ನೋಡ್ಕೊಳೇ!' ಅಂದುಬಿಟ್ಟೆ.
ಪಕ್ಕದವನು ಕಣ್ಣು ಬಿಟ್ಟ.